ಒಳಗಿನ ಹೋಟೆಲು, ಹೊರಗಿನ ಲಾಡ್ಜು

ಮಾರ್ಚ್ 4, ಮಂಗಳವಾರ

ಮಗಳು ಕಡ್ಡಿ ಊಟದ ತಟ್ಟೆಯಿಂದ ತಲೆ ಎತ್ತದೆ ಕೇಳಿದಳು: "ನಂಗೆ ಹತ್ತು ತುಂಬ್ತಲ್ಲಮ್ಮ. ಯಾವಾಗ ಹೋಗೋದು?"

ಎಲ್ಲಿಗೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಥೀಮ್ ಪಾರ್ಕಿನ ಭೂತಬಂಗಲೆಗೆ ಹತ್ತು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಹತ್ತು ತುಂಬಿದ ಮೇಲೆ ನಾನೇ ಕೈಹಿಡಿದು ಕರೆದುಕೊಂಡು ಹೋಗುತ್ತೇನೆ ಎಂದು ಅವಳ ಅಪ್ಪ ಮಾತು ಕೊಟ್ಟಿದ್ದರು. ಅಲ್ಲಿ ಇವರದು ಭೂತದ ಕೆಲಸ. ಕೇಳಿದವರೆಲ್ಲ ನಗುತ್ತಿದ್ದರು, ಮದುವೆಗೆ ಮುಂಚೆ ನಾನೂ ನಕ್ಕಿದ್ದೆ. ಹಳೇ ಕಪಾಟಿನೊಳಗೆ ನಿಂತಿರುವುದು, ಜನ ಹತ್ತಿರ ಬಂದಾಗ ಬಾಗಿಲು ತಳ್ಳಿ ಹೊರಗೆ ಬರುವುದು. ದಿನವಿಡೀ ಅಷ್ಟೇ. ಪಾರ್ಕಿನಲ್ಲಿ ಇವರನ್ನು ಕಪಾಟಣ್ಣ ಅಂತಲೇ ಕರೆಯುತ್ತಿದ್ದರಂತೆ. ಪಾರ್ಕಿಗೆ ಇಲ್ಲಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿ. ನೌಕರರ ಕೋಣೆಯಲ್ಲೇ ಉಳಿದುಕೊಂಡು, ಬಂಗಲೆಗೆ ರಜೆಯಿರುವ ಮಂಗಳವಾರ ಮಾತ್ರ ಮನೆಗೆ ಬರುತ್ತಿದ್ದರು.

ಊರವರನ್ನೆಲ್ಲ ಹೆದರಿಸಿ ಬರುವ ಮನುಷ್ಯ ಮನೆಯಲ್ಲಿ ಒಂದು ಬಾಗಿಲನ್ನೂ ಕೆಮ್ಮದೆ ದಾಟುತ್ತಿರಲಿಲ್ಲ. ಸಣ್ಣಗೆ ಎರಡು ಸಲ ಕೆಮ್ಮು, ಆಮೇಲೆ ಹೆಜ್ಜೆ. ಖಾಲಿ ಬಚ್ಚಲಿಗೆ ಹೋಗುವಾಗಲೂ ಕೆಮ್ಮು. "ಮನೇಲಾದ್ರೂ ಯಾರೂ ಬೆಚ್ಚಿಬೀಳಬಾರ್ದು ಕಣೆ" ಅನ್ನುತ್ತಿದ್ದರು. ಕಡ್ಡಿ ಮಾತು ಕಲಿತಾಗಿನಿಂದ ಆ ಕೆಮ್ಮಿಗೆ ಒಂದೇ ಉತ್ತರ: "ಗೊತ್ತಾಯ್ತು, ಬಾ." ಪಕ್ಕದ ಮನೆಯವರಿಗೂ ಅದು ಬಾಯಿಪಾಠವಾಗಿತ್ತು.

ಹೋಗುವಾಗ ಮಾತ್ರ ಸದ್ದೇ ಮಾಡಲಿಲ್ಲ. ಮಂಗಳವಾರ ಮಲಗಿದವರು ಬುಧವಾರ ಏಳಲಿಲ್ಲ. ಆರು ತಿಂಗಳಾಯಿತು, ನನಗೆ ಇನ್ನೂ ಅವರ ಮೇಲೆ ಸಿಟ್ಟಿದೆ.

"ನೋಡೋಣ" ಅಂದೆ.

"ನೋಡೋಣ ಅಂದ್ರೆ ಇಲ್ಲ ಅಂತ" ಅಂದು ತಟ್ಟೆ ಎತ್ತಿಕೊಂಡು ಹೋದಳು.

ಮಾರ್ಚ್ 7, ಶುಕ್ರವಾರ

ಶಾಲೆಗೆ ಕರೆಸಿಕೊಂಡಿದ್ದರು. ಗಾಳಿಗೆ ತರಗತಿಯ ಬಾಗಿಲು ದಢಾರನೆ ಮುಚ್ಚಿಕೊಂಡಿದ್ದೇ ತಡ, ಕಡ್ಡಿ ಓಡಿಹೋಗಿ ಅದನ್ನು ತೆಗೆದು, ಅದಕ್ಕೇ ಬೆನ್ನು ಕೊಟ್ಟು ಕೂತುಬಿಟ್ಟಳಂತೆ. ಟೀಚರು ಗದರಿದರೂ ಏಳಲಿಲ್ಲವಂತೆ.

"ಮನೇಲೂ ಹೀಗೇನಾ?" ಎಂದು ಟೀಚರು ಕೇಳಿದರು.

ಮನೆಯಲ್ಲಿ ಆರು ತಿಂಗಳಿಂದ ಒಂದು ಬಾಗಿಲೂ ಮುಚ್ಚಿಲ್ಲ. ಕೋಣೆಗಳಿಗೆ ಇಟ್ಟಿಗೆ, ಬಚ್ಚಲಿಗೆ ಸ್ಟೂಲು ಅಡ್ಡ ಇಟ್ಟಿದ್ದೇವೆ. ನನ್ನ ಸ್ನಾನಕ್ಕೂ ಪರದೆಯೇ ಗತಿ. ಇದನ್ನೆಲ್ಲ ಹೇಳಲು ನಾಚಿಕೆಯಾಗಿ "ಸ್ವಲ್ಪ ಹಾಗೇ" ಅಂದೆ.

"ಜೂನ್‌ಗೆ ದೊಡ್ಡ ಶಾಲೆಗೆ ಹೋಗ್ಬೇಕು ಇವಳು. ಅಲ್ಲಿ ಇವಳೊಬ್ಬಳಿಗೋಸ್ಕರ ಯಾರೂ ಬಾಗಿಲು ತೆಗೆದಿಡಲ್ಲ. ಹೀಗೇ ಇದ್ರೆ ತಗೊಳ್ಳೋದೇ ಇಲ್ಲ ಅಂದ್ರೂ ಅಂದಾರು. ಏನಾದ್ರೂ ಮಾಡಿ ಇವ್ರೇ."

ಏನು ಮಾಡಲಿ? ಆ ಬುಧವಾರ ಅಪ್ಪನಿಗೆಂದು ಟೀ ಲೋಟ ಹಿಡಿದು ಕೋಣೆಯ ಬಾಗಿಲು ತಳ್ಳಿದವಳು ಕಡ್ಡಿ. ಡಾಕ್ಟರು ನೋಡಿದ್ದಾಯಿತು, ಕಾಲ ಕಳೆದರೆ ಸರಿಹೋಗುತ್ತದೆ ಎಂದು ಕಳಿಸಿದ್ದಾಯಿತು. ಸರಿಹೋಗುವುದಿರಲಿ, ಮೊದಲು ಮನೆಯಲ್ಲಿ ಮಾತ್ರ ಇದ್ದದ್ದು ಈಗ ಶಾಲೆಗೂ ಬಂದಿದೆ.

ದಾರಿಯಲ್ಲಿ ಕೇಳಿದೆ. "ಮುಚ್ಚಿದ ಬಾಗಿಲ ಹಿಂದೆ ಏನಿರುತ್ತೆ ಅಂತ ಹೆದರ್ತೀಯ?"

"ಏನೂ ಇರಲ್ಲಮ್ಮ."

"ಮತ್ತೆ?"

"ಅದೇ. ಏನೂ ಇರಲ್ಲ."

ಮನೆಗೆ ಬಂದ ಮೇಲೆ ಗಂಟಲು ಕೆರೆತ ಬೇರೆ. ರಸ್ತೆ ಅಗೆದು ಹಾಕಿದ್ದಾರೆ, ಎಲ್ಲೆಲ್ಲೂ ಧೂಳು.

ಮಾರ್ಚ್ 11, ಮಂಗಳವಾರ

ಹೋಗುವುದು ಎಂದು ನಿರ್ಧಾರ ಮಾಡಿಲ್ಲ. ದರ ವಿಚಾರಿಸುವುದಕ್ಕೇನು, ಬಾಯಿ ಸವೆಯುತ್ತದೆಯೇ? ಆಸ್ಪತ್ರೆಯ ಖರೀದಿ ವಿಭಾಗದಲ್ಲಿ ಇಷ್ಟು ವರ್ಷ ಕೂತವಳು ನಾನು. ಮೂರು ಕಡೆ ಕೇಳದೆ ಒಂದು ಪೊರಕೆಯನ್ನೂ ಕೊಂಡವಳಲ್ಲ.

ಪಾರ್ಕಿನ ಒಳಗೇ ಒಂದು ಹೋಟೆಲಿದೆ. ಗೇಟಿನ ಹೊರಗೆ ರಸ್ತೆಯುದ್ದಕ್ಕೂ ಲಾಡ್ಜುಗಳಿವೆ. ಒಳಗಿನದಕ್ಕೆ ಫೋನು ಮಾಡಿದರೆ ಕೌಂಟರಿನ ಹುಡುಗಿಯ ದನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು. "ನಮ್ಮಲ್ಲಿ ಬೆಳಗಿನ ತಿಂಡಿ ಸೇರಿದೆ ಮೇಡಂ, ಈಜುಕೊಳ ಸೇರಿದೆ ಮೇಡಂ." ಸೇರಿದೆ ಅಂದರೆ ನಮ್ಮ ಜೇಬಿನಿಂದಲೇ ಸೇರಿದೆ ಎಂದು ನನಗೆ ಗೊತ್ತಿಲ್ಲವೇ? ಬಾಡಿಗೆ ಹೊರಗಿನದರ ಮೂರು ಪಟ್ಟು.

ಆದರೂ ನ್ಯಾಯವಾಗಿ ಹೋಲಿಸಬೇಕು. ಹೊರಗಿನ ಲಾಡ್ಜಿನ ಬಾಡಿಗೆಗೆ ದಿನಾ ಗೇಟಿನ ತನಕ ಹೋಗಿಬರುವ ಗಾಡಿ ಖರ್ಚು ಸೇರಿಸಿದೆ. ಮಧ್ಯಾಹ್ನ ಕೋಣೆಗೆ ಬಂದು ಕಾಲು ಚಾಚುವಂತಿಲ್ಲವಾದ್ದರಿಂದ ಒಳಗೇ ಊಟ, ಒಳಗೇ ನೀರು, ಅದೂ ಪಾರ್ಕಿನ ದರಕ್ಕೆ. ಚೀಲ ಇಡುವ ಪೆಟ್ಟಿಗೆಯ ಬಾಡಿಗೆ. ಎಲ್ಲ ಕೂಡಿಸಿದ ಮೇಲೆ ಮೂರು ಪಟ್ಟು ಇದ್ದದ್ದು ಎರಡು ಪಟ್ಟಿಗೆ ಇಳಿಯಿತು. ಇಂಥ ಲೆಕ್ಕದಲ್ಲಿ ನನ್ನನ್ನು ಯಾರೂ ಮೀರಿಸಲಾರರು.

ಒಂದು ಸಂಗತಿ ಮಾತ್ರ ಎಲ್ಲೂ ಕೂರಲಿಲ್ಲ. ಒಳಗೆ ಉಳಿದವರನ್ನು ಗೇಟು ತೆರೆಯುವುದಕ್ಕೆ ಒಂದು ಗಂಟೆ ಮೊದಲೇ ಬಿಡುತ್ತಾರಂತೆ. "ಆಗ ಜನಾನೇ ಇರಲ್ಲ ಮೇಡಂ, ಪಾರ್ಕೆಲ್ಲ ನಿಮ್ದೇ." ಅದಕ್ಕೆ ಬೆಲೆ ಕಟ್ಟುವುದು ಹೇಗೆ? ನಾವೇನು ಆಟ ಆಡಲು ಹೋಗುತ್ತಿದ್ದೇವೆಯೇ? ಅದರ ಎದುರು ಸೊನ್ನೆ ಹಾಕಿದೆ.

ಮಾರ್ಚ್ 12, ಬುಧವಾರ

ನಾದಿನಿ ಬಂದಿದ್ದಳು. ಇವರ ಒಬ್ಬಳೇ ತಂಗಿ, ಎರಡು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಬಾಯಿ ಜೋರು, ಮನಸ್ಸು ಬೆಣ್ಣೆ. ಪಾರ್ಕಿನ ಮಾತು ಕೇಳಿ ಸೂಜಿ ಚುಚ್ಚಿಸಿಕೊಂಡವಳ ಹಾಗೆ ಆದಳು.

"ನಿಮಗೇನು ತಲೆ ಕೆಟ್ಟಿದ್ಯಾ ಅತ್ತಿಗೆ? ಬಾಗಿಲು ಕಂಡ್ರೇ ನಡುಗೋ ಮಗೂನ ಭೂತಬಂಗಲೆಗೆ ಕರ್ಕೊಂಡು ಹೋಗ್ತಾರಾ ಯಾರಾದ್ರೂ?"

"ಅವಳೇ ಕೇಳ್ತಿದಾಳೆ."

"ಕೇಳಿದ್ದೆಲ್ಲ ಕೊಡೋ ಹಾಗಿದ್ರೆ ನಂಗೂ ಒಂದು ಬಂಗಾರದ ಕತ್ತರಿ ಕೊಡ್ಸಿ."

ನನಗೆ ಕೋಪ ಬಂತು. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ? ಅಲ್ಲಿ ಹೋಗಿ ಹುಡುಗಿ ಇನ್ನಷ್ಟು ಹೆದರಿಕೊಂಡರೆ ಆಮೇಲೆ ಯಾವ ಶಾಲೆ, ಯಾವ ಡಾಕ್ಟರು? ಹೋಗದಿದ್ದರೆ ಅಪ್ಪ ಕೊಟ್ಟ ಮಾತು ಅವಳ ಎದೆಯೊಳಗೆ ಮುಳ್ಳಿನ ಹಾಗೆ ಉಳಿಯುತ್ತದೆ. ಎರಡು ಕಡೆಯೂ ನಷ್ಟವಿರುವ ದರಪಟ್ಟಿ ಇದು.

ಮಾರ್ಚ್ 16, ಭಾನುವಾರ

ಬೆಳಿಗ್ಗೆ ಕಡ್ಡಿಗೆ ಜಡೆ ಹಾಕುತ್ತಿದ್ದೆ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಹೇಳಿದಳು: "ಅಪ್ಪ ಈಗ ಮಂಗಳವಾರ ಅಲ್ದಿದ್ರೂ ಬರ್ತಾನೆ."

"ಹಾಗಂದ್ರೆ?"

"ನಿನ್ನೆ ಮಲಗಿದ್ಮೇಲೆ ಕೆಮ್ಮಿದ. ಬಾಗಿಲ ಹತ್ರ. ಎರಡು ಸಲ."

"ನೀನೇನು ಮಾಡ್ದೆ?"

"ಕಣ್ಣು ಮುಚ್ಕೊಂಡೆ."

ಕನಸು ಕಂಡಿರಬೇಕು ಎಂದೆ. ಕನಸಲ್ಲ ಎಂದಳು. ಕನಸಿರಲೇಬೇಕು, ಯಾಕೆಂದರೆ ಆ ಹೊತ್ತಿಗೆ ನಾನೇ ಅವಳ ಬಾಗಿಲಲ್ಲಿದ್ದೆ. ದೀಪ ಆರಿಸಿ ಮಲಗಿದಳೋ ಇಲ್ಲವೋ ನೋಡೋಣ ಎಂದು ದಿನಾ ಹೋಗಿ ನಿಲ್ಲುತ್ತೇನೆ. ಇವರ ಕೆಮ್ಮು ನನಗೆ ಕೇಳಿಸದೆ ಇರುತ್ತದೆಯೇ? ಹನ್ನೆರಡು ವರ್ಷ ಕೇಳಿದ ಕಿವಿ ಇದು. ಅಲ್ಲಿ ಯಾರೂ ಇರಲಿಲ್ಲ. ನಾನೊಬ್ಬಳೇ.

ಇದನ್ನು ಬರೆಯುವಾಗ ಮನೆಯ ಬಾಗಿಲುಗಳೆಲ್ಲ ಬಾಯಿ ತೆರೆದುಕೊಂಡಿವೆ. ಅಡುಗೆಮನೆಯ ಕತ್ತಲು ಇಲ್ಲಿಗೇ ಕಾಣುತ್ತದೆ. ಹೆದರಿಕೆಯಾಗುತ್ತಿದೆ ಎಂದು ಬರೆದರೆ ಅದು ಅರ್ಧ ಸತ್ಯ. ಇನ್ನರ್ಧ ಏನೆಂದರೆ, ನನಗೆ ಹೊಟ್ಟೆಕಿಚ್ಚಾಗುತ್ತಿದೆ. ಬಂದವರು ಮಗಳ ಬಾಗಿಲಿಗೆ ಬಂದರು, ನನ್ನ ಬಾಗಿಲಿಗೆ ಯಾಕೆ ಬರಲಿಲ್ಲ?

ಮಾರ್ಚ್ 18, ಮಂಗಳವಾರ

ಕಿವಿ ಕೊಟ್ಟು ಕೂತಿದ್ದೆ. ಏನೂ ಇಲ್ಲ.

ಮಾರ್ಚ್ 20, ಗುರುವಾರ

ಗಂಟಲಿಗೆ ಔಷಧಿ ತಂದೆ. ಅಂಗಡಿಯವನು "ಒಣ ಕೆಮ್ಮೋ, ಕಫದ ಕೆಮ್ಮೋ?" ಎಂದ. ಕೆಮ್ಮೇ ಇಲ್ಲವಪ್ಪ, ಬರೀ ಕೆರೆತ ಎಂದೆ. ಅವನು ನನ್ನ ಮುಖ ನೋಡಿದ. ಕೊಟ್ಟಿದ್ದು ಒಣ ಕೆಮ್ಮಿನ ಔಷಧಿಯನ್ನೇ. ಅಂಗಡಿಯವರಿಗೆ ಬೇಕಾಗಿರುವುದು ವ್ಯಾಪಾರ.

ಮಾರ್ಚ್ 25, ಮಂಗಳವಾರ

ಇವತ್ತೂ ನನಗೆ ಕೇಳಿಸಲಿಲ್ಲ. ಕಡ್ಡಿಗೆ ಸಂಜೆ ಒಂದು ಸಲ ಕೇಳಿಸಿತಂತೆ, ಓದುತ್ತಾ ಕೂತಿದ್ದಾಗ. ಹಾಲು ಕೊಡಲು ನಾನು ಹೋಗುವುದಕ್ಕೆ ಸ್ವಲ್ಪ ಮುಂಚೆ. ಹೇಳುವಾಗ ಅವಳು ನನ್ನನ್ನು ಒಂಥರಾ ನೋಡಿದಳು. ಹೆದರಿದವರ ನೋಟವಲ್ಲ ಅದು, ನನ್ನ ಮೇಲೆ ಮರುಕ ಪಟ್ಟ ಹಾಗಿತ್ತು.

ಲೋಟವನ್ನು ಮೇಜಿನ ಮೇಲಿಟ್ಟು ಬಂದೆ.

ಏಪ್ರಿಲ್ 3, ಗುರುವಾರ

ನಿರ್ಧಾರವಾಯಿತು. ಮುಂದಿನ ಮಂಗಳವಾರ ಹೊರಡುವುದು. ಹೊರಗಿನ ಲಾಡ್ಜು, ಎರಡು ರಾತ್ರಿ, ಮುಂಗಡ ಕಳಿಸಿದ್ದಾಯಿತು. ನಾದಿನಿಯೂ ಬರುತ್ತಾಳೆ.

"ನಂಗೆ ಎದೆ ವೀಕು, ಬಂಗಲೆ ಒಳಗೆ ನಾನು ಕಾಲಿಡಲ್ಲ. ಹೊರಗೆ ಚೀಲ ಕಾಯ್ತೀನಿ" ಎಂದಳು. ಹಾಗಾದರೆ ಚೀಲದ ಪೆಟ್ಟಿಗೆಯ ಬಾಡಿಗೆ ಉಳಿಯಿತು ಎಂದೆ. "ಅತ್ತಿಗೆ, ನಿಮ್ಮನ್ನ ಭೂತ ಹಿಡಿದ್ರೆ ಅದೇ ಪಾಪರ್ ಆಗಿ ಬಿಟ್ಟು ಓಡ್ಹೋಗುತ್ತೆ" ಎಂದು ನಕ್ಕಳು. ತುಂಬಾ ದಿನದ ಮೇಲೆ ಕಡ್ಡಿಯೂ ನಕ್ಕಳು.

ಏಪ್ರಿಲ್ 8, ಮಂಗಳವಾರ. ಲಾಡ್ಜಿನಲ್ಲಿ

ಕಿಟಕಿ ತೆರೆದರೆ ಪಾರ್ಕಿನ ಹಿಂಬದಿ ಬೇಲಿ. ಬೇಲಿಯಾಚೆ ಕಬ್ಬಿಣದ ದೊಡ್ಡ ಉಯ್ಯಾಲೆ. ಅದು ಮೇಲೆ ಹೋದಾಗಲೆಲ್ಲ ಜನ ಒಟ್ಟಿಗೆ ಕಿರುಚುತ್ತಾರೆ. ಈ ಸದ್ದನ್ನು ಕೇಳುತ್ತ ಇವರು ಎಷ್ಟು ವರ್ಷ ಮಲಗಿ ಎದ್ದರೋ.

ಕೋಣೆಯ ಬಾಗಿಲಿಗೆ ಸ್ಪ್ರಿಂಗು ಇದೆ, ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕಡ್ಡಿ ಬಂದವಳೇ ಚಪ್ಪಲಿ ಬಿಚ್ಚಿ ಸಂದಿಗೆ ಸಿಕ್ಕಿಸಿದಳು. ಲಾಡ್ಜಿನ ಯಜಮಾನ ಬಂದು ನೋಡಿ, "ಬಾಗಿಲು ತೆಗೆದಿಟ್ರೆ ಏಸಿ ತಂಪು ಹೋಗುತ್ತಮ್ಮ" ಎಂದ.

"ಹೋಗೋದು ಆಮೇಲೆ. ಮೊದ್ಲು ಅದೆಲ್ಲಿದೆ ಅಂತ ತೋರ್ಸಿ" ಎಂದಳು ನಾದಿನಿ. ಅವನು ಮೇಲೆ ಕೆಳಗೆ ನೋಡಿ ಹೊರಟುಹೋದ.

ಸಂಜೆ ನಾನು ನೀರು ತರಲು ಹೋಗಿ ಬಂದೆ. ಒಳಗೆ ಕಾಲಿಡುವ ಹೊತ್ತಿಗೆ ನಾದಿನಿ ಹಾಸಿಗೆಯ ಮೇಲೆ ನೆಟ್ಟಗೆ ಎದ್ದು ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಏನಾಯ್ತೆ?"

"ಅತ್ತಿಗೆ, ಆ ಔಷಧಿ ಸರಿಯಾಗಿ ಕುಡೀರಿ. ನೀವು ಕೆಮ್ಮಿದ್ರೆ ಥೇಟ್ ಅಣ್ಣನೇ."

"ನಾನೆಲ್ಲಿ ಕೆಮ್ಮಿದೆ?" ಎಂದೆ. ಅವಳು ಕಡ್ಡಿಯ ಕಡೆ ನೋಡಿದಳು, ಕಡ್ಡಿ ಕಿಟಕಿಯ ಕಡೆ ನೋಡಿದಳು. ಇಬ್ಬರೂ ಸೇರಿ ನನ್ನನ್ನು ಆಡಿಸುತ್ತಿದ್ದಾರೆ. ಪ್ರಯಾಣದ ಆಯಾಸಕ್ಕೆ ಗಂಟಲು ಒಂದಿಷ್ಟು ಕೆರೆದಿರಬಹುದು, ಅಷ್ಟೇ.

ಏಪ್ರಿಲ್ 9, ಬುಧವಾರ

ಹೇಗೆ ಬರೆಯಲಿ. ಎಲ್ಲ ಹಾಳಾಯಿತು.

ಲಾಡ್ಜಿನ ಗಾಡಿ ಬರುವುದೇ ತಡವಾಯಿತು. ಗೇಟಿನ ಸಾಲು, ಟಿಕೆಟಿನ ಸಾಲು, ಬಂಗಲೆಯ ಮುಂದೆ ಇನ್ನೊಂದು ಸಾಲು. ಒಳಗೆ ಹೋಗುವ ಹೊತ್ತಿಗೆ ಮಧ್ಯಾಹ್ನ. ಹಿಂದೆ ಮುಂದೆ ಕಾಲೇಜಿನ ಹುಡುಗರ ದಂಡು. ಭೂತ ಬರುವ ಮೊದಲೇ ಕಿರುಚುವವರು, ಒಬ್ಬರನ್ನೊಬ್ಬರು ತಳ್ಳುವವರು. ಕಪ್ಪು ಓಣಿಯಲ್ಲಿ ಕಡ್ಡಿಯ ಕೈ ನನ್ನ ಕೈಯಲ್ಲಿತ್ತು. ಕಪಾಟಿನ ಕೋಣೆ ಮುಂದಿನ ತಿರುವಿನಲ್ಲಿದೆ ಎನ್ನುವಾಗ ಮುಂದಿನವರೆಲ್ಲ ಅರಚುತ್ತ ಹಿಂದಕ್ಕೆ ನುಗ್ಗಿದರು. ಕೈ ತಪ್ಪಿತು. ಕಡ್ಡಿ ಕೆಳಗೆ ಬಿದ್ದಳು. ಯಾರದೋ ಕಾಲು, ಯಾರದೋ ಮೊಣಕೈ. ಕಾವಲಿನವನು ಟಾರ್ಚು ಹಿಡಿದು ಬಂದು ಪಕ್ಕದ ಬಾಗಿಲಿನಿಂದ ನಮ್ಮನ್ನು ಹೊರಗೆ ಬಿಟ್ಟ.

ಬಿಸಿಲಿನಲ್ಲಿ ಬೆಂಚಿನ ಮೇಲೆ ಕೂತೆವು. ಮೊಣಕಾಲು ತರಚಿತ್ತು. ಅವಳು ಅಳಲಿಲ್ಲ. ಇದಕ್ಕಿಂತ ಅತ್ತಿದ್ದರೆ ಚೆನ್ನಾಗಿತ್ತು.

"ಹೇಳ್ದೆ ತಾನೆ. ಸಾಕು, ಇವತ್ತೇ ಊರಿಗೆ ಹೋಗೋಣ" ಎಂದಳು ನಾದಿನಿ, ಸೆರಗಿನಿಂದ ಮಗುವಿನ ಮೊಣಕಾಲು ಒರೆಸುತ್ತ. ನನಗೂ ಹಾಗೇ ಅನಿಸಿತ್ತು. ಹೊರಡಲು ಎದ್ದೇಬಿಟ್ಟೆ.

"ಕಪಾಟು ನೋಡ್ಲೇ ಇಲ್ಲ" ಎಂದಳು ಕಡ್ಡಿ.

ನಾನು ಅಲ್ಲೇ ನಿಂತೆ. ಎದುರಿಗೆ ಹೋಟೆಲಿನ ಫಲಕ ಇತ್ತು: ನಮ್ಮ ಅತಿಥಿಗಳಿಗೆ ಒಂದು ಗಂಟೆ ಮೊದಲು ಪ್ರವೇಶ. ಜನಾನೇ ಇರಲ್ಲ ಮೇಡಂ ಎಂದು ಆ ಹುಡುಗಿ ಹೇಳಿದ್ದಳಲ್ಲ. ಒಬ್ಬರೂ ಇಲ್ಲದ ಓಣಿ. ತಳ್ಳುವವರಿಲ್ಲದ ಕಪಾಟಿನ ಕೋಣೆ. ಅದಕ್ಕೇ ನಾನು ಸೊನ್ನೆ ಹಾಕಿದ್ದು.

ಹೋಗಿ ಒಂದು ಕೋಣೆ ಹಿಡಿದೆ. ಲಾಡ್ಜಿನವನು ಎರಡನೇ ರಾತ್ರಿಯ ದುಡ್ಡು ವಾಪಸ್ ಕೊಡುವುದಿಲ್ಲ ಎಂದ. ಎರಡು ಕಡೆ ಬಾಡಿಗೆ ಕೊಟ್ಟು ಒಂದು ಕಡೆ ಮಲಗುವ ಕೆಲಸವನ್ನು ಆಫೀಸಿನಲ್ಲಿ ಯಾರಾದರೂ ಮಾಡಿದ್ದರೆ ನಾನೇ ಮೆಮೊ ಕೊಡಿಸುತ್ತಿದ್ದೆ. ನಾದಿನಿ ನನ್ನ ಹಣೆ ಮುಟ್ಟಿ ನೋಡಿದಳು, ಜ್ವರ ಇದೆಯೋ ಏನೋ ಎಂದು.

ಈ ಕೋಣೆ ಚೆನ್ನಾಗಿದೆ. ಬಾಗಿಲು ಭಾರವಾಗಿದೆ. ಸಂದಿಯಲ್ಲಿ ಕಡ್ಡಿಯ ಚಪ್ಪಲಿ ಇದೆ.

ಏಪ್ರಿಲ್ 10, ಗುರುವಾರ

ಬೆಳಿಗ್ಗೆ ಇಬ್ಬರೇ ಹೊರಟೆವು. ನಾದಿನಿ ತಿಂಡಿಯ ಕಡೆ ನಡೆದಳು, ಕೊಟ್ಟ ದುಡ್ಡಾದರೂ ವಸೂಲಾಗಲಿ ಎಂದು.

ಜನರಿಲ್ಲದ ಪಾರ್ಕನ್ನು ನಾನು ಎಣಿಸಿಯೇ ಇರಲಿಲ್ಲ. ದೊಡ್ಡ ಉಯ್ಯಾಲೆಯನ್ನು ಖಾಲಿ ಓಡಿಸಿ ಪರೀಕ್ಷೆ ಮಾಡುತ್ತಿದ್ದರು. ಕಿರುಚುವವರಿಲ್ಲದೆ ಅದು ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಮರದ ಕುದುರೆಗಳು ಯಾರನ್ನೂ ಹೊರದೆ ಸುತ್ತುತ್ತಿದ್ದವು. ಎಲ್ಲ ಕುರ್ಚಿಗಳಲ್ಲೂ ಯಾರೋ ಕೂತಿದ್ದಾರೆ, ನಮಗೆ ಮಾತ್ರ ಕಾಣುತ್ತಿಲ್ಲ ಎನಿಸಿತು. ಕಸ ಗುಡಿಸುವ ಹೆಂಗಸೊಬ್ಬಳು ನಮ್ಮನ್ನು ನೋಡಿ ಪೊರಕೆ ನಿಲ್ಲಿಸಿ ದಾರಿ ಬಿಟ್ಟಳು.

ಬಂಗಲೆಯ ಕಾವಲಿನವನಿಗೆ ನಿನ್ನೆಯ ಗುರುತು ಸಿಕ್ಕಿತು. "ಇವತ್ತು ಯಾರೂ ಇಲ್ಲ. ನಿಧಾನಕ್ಕೆ ಹೋಗಿ" ಎಂದ.

ಓಣಿಯಲ್ಲಿ ನಮ್ಮ ಚಪ್ಪಲಿಯ ಸದ್ದು ಬಿಟ್ಟರೆ ಏನೂ ಇಲ್ಲ. ಹೊಗೆ ಯಂತ್ರದ ಸುಟ್ಟ ವಾಸನೆ. ಮಂಗಳವಾರಗಳಂದು ಇವರ ಅಂಗಿಯಲ್ಲಿ ಇರುತ್ತಿದ್ದದ್ದು ಇದೇ ವಾಸನೆ. ನಾನು ಬೀಡಿ ಎಂದುಕೊಂಡು ಎಷ್ಟೋ ಸಲ ಜಗಳ ಆಡಿದ್ದೆ. ತಿರುವು ದಾಟಿದೆವು. ಗೋಡೆಗೆ ಒರಗಿ ಕಪಾಟು ನಿಂತಿತ್ತು. ಬಾಗಿಲು ಮುಚ್ಚಿತ್ತು.

ಕಡ್ಡಿ ನಿಂತಳು. ನಾನೂ ನಿಂತೆ. ವಾಪಸ್ ಹೋಗೋಣವೇ ಎಂದು ಕೇಳಲು ಬಾಯಿ ತೆರೆದೆ.

ಒಳಗಿನಿಂದ ಕೆಮ್ಮು ಕೇಳಿಸಿತು. ಸಣ್ಣಗೆ, ಎರಡು ಸಲ.

ಕಡ್ಡಿಯನ್ನು ಎತ್ತಿಕೊಂಡು ಓಡಬೇಕು, ಬಾಗಿಲಿಗೆ ಹೋಗಿ ಬೀಳಬೇಕು, ಎರಡೂ ಒಟ್ಟಿಗೇ ಅನಿಸಿ ಯಾವುದನ್ನೂ ಮಾಡಲಾಗದೆ ನಿಂತೆ.

"ಗೊತ್ತಾಯ್ತು, ಬಾ" ಎಂದಳು ಕಡ್ಡಿ. ದನಿ ನಡುಗುತ್ತಿತ್ತು, ಆದರೂ ಎಂದಳು.

ಬಾಗಿಲು ಮೆಲ್ಲಗೆ ತೆರೆಯಿತು. ಬಿಳಿ ಬಳಿದ ಮುಖ, ಕೆದರಿದ ಕೂದಲು, ಉದ್ದ ಅಂಗಿ. ನನ್ನ ವಯಸ್ಸಿನ ಹೆಂಗಸು. ಹೀಗೆ ಯಾರೂ ಅವಳನ್ನು ಕರೆದಿರಲಿಲ್ಲವೋ ಏನೋ, ಕೈ ಎತ್ತಿದವಳು ಎತ್ತಿದ ಹಾಗೇ ನಿಂತಳು. ಆಮೇಲೆ ತೀರಾ ಮಾಮೂಲಿ ದನಿಯಲ್ಲಿ "ಬಂದೆ" ಎಂದಳು.

ಕಡ್ಡಿ ಅವಳ ಪಕ್ಕದಿಂದ ಕಪಾಟಿನೊಳಗೆ ಇಣುಕಿದಳು. ಒಂದು ಸ್ಟೂಲು, ನೀರಿನ ಬಾಟಲಿ, ಟವೆಲು ನೇತುಹಾಕಿದ ಮೊಳೆ. "ಒಳಗೆ ಹೋಗ್ಲಾ?" ಭೂತ ನನ್ನನ್ನು ನೋಡಿತು. ನಾನು ಹೂಂ ಅಂದೆನೋ ಉಹೂಂ ಅಂದೆನೋ ನೆನಪಿಲ್ಲ. ಕಡ್ಡಿ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತು, ಕೈ ಚಾಚಿ, ಬಾಗಿಲು ಎಳೆದುಕೊಂಡಳು.

ಮುಚ್ಚಿಕೊಂಡಿತು. ಏಳು ತಿಂಗಳಲ್ಲಿ ಮೊದಲ ಸಲ ಅವಳು ಮುಚ್ಚಿದ ಬಾಗಿಲು. ನಾನು ಹೊರಗೆ, ಭೂತದ ಪಕ್ಕ. ಎಷ್ಟು ಹೊತ್ತು ನಿಂತೆವೋ. ಒಳಗೆ ಸದ್ದೇ ಇಲ್ಲ. ಭೂತ ನನ್ನ ತೋಳು ಹಿಡಿದುಕೊಂಡಿತ್ತು.

ಕೊನೆಗೆ ಒಳಗಿನಿಂದ ಕೆಮ್ಮು. ಎಳೇ ಗಂಟಲಿನ, ಬೇಕೆಂದೇ ಕೆಮ್ಮಿದ ಎರಡು ಕೆಮ್ಮು.

"ಅಮ್ಮ, ಹೇಳು" ಎಂದಳು ಒಳಗಿನಿಂದ.

"ಗೊತ್ತಾಯ್ತು" ಎಂದೆ. "ಬಾ."

ಬಂದಳು. ಅಲ್ಲೇ ಕತ್ತಲಲ್ಲಿ ಕೂತು ನಾನು ಅತ್ತೆ. ಇವರು ಹೋದ ದಿನ ಹೀಗೆ ಅತ್ತಿರಲಿಲ್ಲ.

ಹೊರಗೆ ಆ ಹೆಂಗಸು ಟೀ ಕುಡಿಯುತ್ತ ಮಾತಾಡಿದಳು. ಮೊದಲು ಅವಳು ಭೂತಗಳಿಗೆ ಬಣ್ಣ ಹಚ್ಚುವ ಕೆಲಸದಲ್ಲಿದ್ದಳಂತೆ, ಇವರೇ ಅವಳಿಗೆ ಕಪಾಟಿನ ಕೆಲಸ ಕಲಿಸಿದ್ದಂತೆ. ನಾವು ಯಾರೆಂದು ಹೇಳಿದಾಗ ಲೋಟ ಕೆಳಗಿಟ್ಟಳು.

"ಕಪಾಟಣ್ಣ ಹೇಳೋರು, ಭಯ ಬೇಕು ಅಂತ ಬಂದೋರನ್ನ ಚೆನ್ನಾಗಿ ಹೆದರ್ಸಮ್ಮ. ಕೆಲವರು ಭಯಾನ ಮನೆಯಿಂದ್ಲೇ ಹೊತ್ಕೊಂಡು ಬಂದಿರ್ತಾರೆ. ಅವರಿಗೆ ಮೊದ್ಲು ಕೆಮ್ಮು. ಒಳಗಿರೋದು ಮನುಷ್ಯ ಅಂತ ಗೊತ್ತಾಗ್ಲಿ."

"ಅದು ಹೇಗೆ ತಿಳಿಯುತ್ತೆ?"

"ಬಾಗಿಲ ಸಂದೀಲಿ ಕೈ ಕಾಣುತ್ತೆ. ಮುಖ ನೋಡ್ಬೇಡ, ಕೈ ನೋಡು ಅನ್ನೋರು. ಜನ ತುಂಬಿದ್ಮೇಲೆ ಕೆಮ್ಮಿದ್ರೂ ಯಾರಿಗೆ ಕೇಳ್ಸುತ್ತೆ? ಬೆಳಗಿನ ಈ ಒಂದು ಗಂಟೆ ಮಾತ್ರ."

"ಮಗು ಕೈ ಅಷ್ಟು ಬಿಗಿಯಾಗಿತ್ತಾ?"

ಅವಳು ತಲೆಯಾಡಿಸಿದಳು. "ಮಗು ಕೈ ಸಡಿಲ ಇತ್ತಮ್ಮ. ನಾನು ಕೆಮ್ಮಿದ್ದು ನಿಮ್ಮ ಕೈ ನೋಡಿ."

ಕತ್ತಲಲ್ಲಿ ಅವಳಿಗೆ ತಪ್ಪಾಗಿ ಕಂಡಿರಬೇಕು.

ಬಸ್ಸಿನಲ್ಲಿ ಹಳೇ ಪಟ್ಟಿ ತೆಗೆದು ಆ ಒಂದು ಗಂಟೆಯ ಎದುರಿನ ಸೊನ್ನೆ ಹೊಡೆದುಹಾಕಿದೆ. ಅಲ್ಲಿ ಏನು ಬರೆಯಬೇಕೋ ತಿಳಿಯಲಿಲ್ಲ.

ಏಪ್ರಿಲ್ 15, ಮಂಗಳವಾರ

ಆಫೀಸಿನಿಂದ ಬಂದಾಗ ಬಚ್ಚಲ ಬಾಗಿಲಿನ ಸ್ಟೂಲು ಅಡುಗೆಮನೆಗೆ ಹೋಗಿತ್ತು. ಇಟ್ಟಿಗೆಗಳು ಹಿತ್ತಲಿನಲ್ಲಿದ್ದವು. ಕಡ್ಡಿಯ ಕೋಣೆಯ ಬಾಗಿಲು ಮುಚ್ಚಿತ್ತು.

ಅದರ ಮುಂದೆ ನಿಂತೆ. ತಳ್ಳಲು ಕೈ ಬರಲಿಲ್ಲ. ಒಳಗೆ ಏನೂ ಸದ್ದಿಲ್ಲ. ಏನೂ ಇರಲ್ಲ ಎಂದು ಅವಳು ಹೇಳಿದ್ದು ನೆನಪಾಯಿತು. ಗಂಟಲು ಕೆರೆಯಿತು.

"ಗೊತ್ತಾಯ್ತು, ಬಾ" ಎಂದಿತು ಒಳಗಿನ ದನಿ.

ಹೋದೆ. ಹಾಸಿಗೆಯ ಮೇಲೆ ಬೋರಲಾಗಿ ಮಲಗಿ ಚಿತ್ರ ಬರೆಯುತ್ತಿದ್ದಳು. ಏನು ಮಾತಾಡಲಿ ಎಂದು ತೋಚದೆ, "ಔಷಧಿ ಮುಗಿದಿದೆ, ಇನ್ನೊಂದು ಬಾಟಲಿ ತರ್ಬೇಕು, ಈ ಕೆರೆತ ಹೋಗ್ತಾನೇ ಇಲ್ಲ" ಎಂದೆ.

"ತರ್ಬೇಡಮ್ಮ." ಚಿತ್ರದಿಂದ ಕಣ್ಣು ತೆಗೆಯಲಿಲ್ಲ. "ಮೊದ್ಲು ಅಪ್ಪ ಅಂತ್ಲೇ ಅಂದ್ಕೊಂಡಿದ್ದೆ. ಆಮೇಲೆ ಹಾಲು ತಂದಾಗ ನೋಡ್ದೆ, ಕೆಮ್ಮಿದ್ದು ನೀನು. ಹೇಳಿದ್ರೆ ನಿಲ್ಲಿಸ್ಬಿಡ್ತೀಯ ಅಂತ ಹೇಳ್ಲಿಲ್ಲ."

ನಾನು ಹಾಸಿಗೆಯ ತುದಿಯಲ್ಲಿ ಕೂತೆ. ಹೊರಗೆ ರಸ್ತೆಯ ಕೆಲಸ ಮುಗಿದು ಎಷ್ಟೋ ದಿನವಾಗಿದೆ, ಧೂಳು ಎಲ್ಲಿಂದ ಬರಬೇಕು? ಅವಳ ಬೆನ್ನು ಸವರುತ್ತ ಕೂತೆ. ಅವಳು ಹಸಿರು ಪೆನ್ಸಿಲು ಕೇಳಿದಳು, ಕೊಟ್ಟೆ.

ಅಡುಗೆಗೆ ಹೊತ್ತಾಯಿತೆಂದು ಎದ್ದು ಬಂದು ಹೊಸ್ತಿಲಲ್ಲಿ ಕೇಳಿದೆ, ಬಾಗಿಲು ಹಾಗೇ ಇರಲಾ ಎಂದು.

"ಹಾಕ್ಕೊಂಡು ಹೋಗು" ಎಂದಳು.

ಹಾಕಿಕೊಂಡು ಬಂದೆ.